ಒಂದೋ ಏಳೋ

ಕೋಡಿ ಬೆಂಗ್ರೆಯ ಕಾಂಡ್ಲಾ ಗಿಡಗಳ ನಡುವೆ
ಮೊಣಕಾಲ ಮಟ್ಟ ಕೆಸರಲ್ಲಿ ಹೂತು
ಎರಡು ವರ್ಷ ನಾನು ಎಣಿಸಿದ್ದು ಬಸವನಹುಳು.
ಕಡಲಿನವು. ಕಿರುಬೆರಳ ಉಗುರಿನಷ್ಟು.
ಸುತ್ತಿ ಸುತ್ತಿ ಚೂಪಾದ ಮನೆ,
ಹಳದಿ ಕೆಲವು, ಕೆಲವು ಬೆಲ್ಲದ ಬಣ್ಣ,
ಒಂದೆರಡಕ್ಕೆ ಮಾತ್ರ, ಯಾಕೋ,
ಮಗುವಿನ ಒಸಡಿನ ಗುಲಾಬಿ.

ಗುರುತಿಗೆ ಉಗುರುಬಣ್ಣ.
ಉಡುಪಿ ಬಸ್‌ಸ್ಟ್ಯಾಂಡಿನ ಫ್ಯಾನ್ಸಿ ಅಂಗಡಿಯ
ಇಪ್ಪತ್ತು ರೂಪಾಯಿ ಶೀಶೆ.
ಬಾಯಿಯ ಅಂಚಿನ ಹತ್ತಿರ ಕೆಂಪು ಚುಕ್ಕೆ,
ಆರಿದ ಮೇಲೆ ಸೂಜಿಯಲ್ಲಿ ಗೀರಿದ ಅಂಕಿ.
ಬೊಟ್ಟಿಟ್ಟು ಹೋಗಿ ಎಂದೆ.
ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಕೂತವು.

ಮರುವಾಯಿ ಹೆಕ್ಕುತ್ತಿದ್ದ ವಾರಿಜಕ್ಕ
ಸೊಂಟ ನೆಟ್ಟಗೆ ಮಾಡಿ ನೋಡಿದರು:
"ಅಲ್ಲ ಮಾರಾಯ್ತಿ, ನಿನ್ನ ಉಗುರೇ ಬೋಳು,
ಇವಕ್ಕೆಂತ ಮದುವೆಯಾ?"

ಹೆಸರು ಕೇಳಿದೆ.
ಗಾಳಿಗೆ ದಿಕ್ಕಿಗೊಂದು, ಏಡಿಗೆ ಬಣ್ಣಕ್ಕೊಂದು
ಹೆಸರು ಹೇಳುವ ಹೆಂಗಸು
ಬುಟ್ಟಿ ಜಾಲಿಸುತ್ತ ಅಂದರು:
"ತಿನ್ಲಿಕ್ಕಾಗದ್ದಕ್ಕೆ ಹೆಸರೆಂತಕ್ಕೆ?"
ನನ್ನ ಪುಸ್ತಕದಲ್ಲಿ ಲ್ಯಾಟಿನ್ನಿನ ಎರಡು ಪದ
ಓರೆಯಾಗಿ ಮಲಗಿದ್ದವು.
ಎಬ್ಬಿಸಲು ನಾಚಿಕೆಯಾಯಿತು.

ಮೂರನೇ ತಿಂಗಳಿಗೆ ಕಂಡದ್ದು ಇಷ್ಟು:
ನೀರು ಏರುವ ಮೊದಲೇ ಇವು ಏರುತ್ತವೆ.
ಹೊಳೆ ಇನ್ನೂ ಕಡಲ ಕಡೆಗೇ ಹರಿಯುತ್ತಿರುವಾಗ
ಇರುವ ಒಂದೇ ಪಾದವನ್ನು ಮಡಿಸಿ ಬಿಡಿಸಿ
ಕಾಂಡದ ಮೇಲೆ ಒಂದು ಗೇಣು, ಎರಡು ಗೇಣು.
ಕಡಲಲ್ಲಿ ಹುಟ್ಟಿದ್ದು
ಕಡಲು ಬರುತ್ತದೆಂದರೆ ಎದ್ದು ಹೋಗುತ್ತದೆ.
ಪ್ರಬಂಧದಲ್ಲಿ ಹೀಗೆ ಬರೆಯಲು ಬಿಡಲಿಲ್ಲ.
ವಾರಿಜಕ್ಕನಿಗೆ ಓಡಿ ಹೋಗಿ ಹೇಳಿದೆ.
"ಅವು ಆ ಗಂಟಿನ ಹತ್ರ ಬಂದವಾ,
ನಾನು ಬುಟ್ಟಿ ಎತ್ತುವುದು. ಅಮ್ಮನೂ ಹಾಗೆಯೇ.
ಹೆಸರಿಲ್ಲ ಅಂದೆ.
ಕೆಲಸ ಇಲ್ಲ ಅಂದೆನಾ?"

ಅವರ ಮನೆಯಲ್ಲೊಂದು ಶಂಖ,
ಬಲಮುರಿ, ಅಜ್ಜನ ಬಲೆಗೆ ಬಿದ್ದದ್ದು,
ಮಾರಿದ್ದರೆ ದೋಣಿಯೇ ಬರುತ್ತಿತ್ತಂತೆ.
ನಾನು ಚೂಪು ತುದಿ ಮೇಲೆ ಮಾಡಿ ಹಿಡಿದೆ:
ನೋಡಿ, ಬಾಯಿ ಎಡಕ್ಕೆ. ಇದು ಎಡಮುರಿ.
ಅವರು ಕಸಿದು ತಲೆಕೆಳಗು ಮಾಡಿದರು:
"ಈಗ?"
ಚಾ ಆರುವ ತನಕ ಹೀಗೇ
ಅತ್ತ ಇತ್ತ ತಿರುಗಿಸಿದೆವು.

ಮರುದಿನ ಗಿಡದ ಬುಡದಲ್ಲಿ ಬಗ್ಗಿ ನೋಡುತ್ತೇನೆ:
ಏರುತ್ತಿದ್ದ ಅಷ್ಟೂ ಹುಳು
ತಲೆ ಮೇಲೆ, ಚೂಪು ಕೆಳಗೆ,
ಥೇಟ್ ವಾರಿಜಕ್ಕ ಹಿಡಿದ ಹಾಗೆ.

ಗುರುತಿಟ್ಟದ್ದು ಇನ್ನೂರು.
ಎರಡು ಮಳೆಗಾಲದ ಮೇಲೆ ಸಿಕ್ಕಿದ್ದು ಅರುವತ್ತಮೂರು.
ಉಳಿದವಕ್ಕೆ ಒಂದು ಕಾಲಂ, 'ಕಾಣೆ'.
ಪ್ರಬಂಧಕ್ಕೆ ರಟ್ಟು ಬಿತ್ತು.
ನಾನೀಗ ಹಂಪನಕಟ್ಟೆಯ ಬ್ಯಾಂಕಿನಲ್ಲಿ
ನೋಟು ಎಣಿಸುತ್ತೇನೆ; ಒದ್ದೆ ಸ್ಪಂಜಿಗೆ ಬೆರಳು ಒತ್ತುವಾಗ
ಒಮ್ಮೊಮ್ಮೆ ಕೆಸರು ನೆನಪಾಗುತ್ತದೆ,
ಒಮ್ಮೊಮ್ಮೆ ಇಲ್ಲ.

ಕಳೆದ ಗುರುವಾರ, ಕೌಂಟರಿನ ಮುಂದೆ ಸಾಲಿರುವಾಗಲೇ, ಫೋನು.
ಹಿಂದೆ ಗಾಳಿ. ದೋಣಿಯ ಎಂಜಿನ್.
"ನಿನ್ನದೊಂದು ಸಿಕ್ತು."
ಯಾವುದು?
"ನಾಲ್ಕು ಉಂಟು. ಪಕ್ಕದ್ದು ಒಂದೋ ಏಳೋ, ಅಳಿಸಿದೆ."
ಚುಕ್ಕೆ ಎಲ್ಲಿದೆ ಅಕ್ಕ, ಬಾಯಿಯ ಹತ್ತಿರವಾ?
"ಇಲ್ಲ, ಹಿಂದೆ ಹೋಗಿದೆ. ಬೆನ್ನು ದಾಟಿ."

ಹಾಗಾದರೆ ಬೆಳೆದಿದೆ.
ನಾನು ಬಣ್ಣ ಹಚ್ಚಿದ ಅಂಚಿಗೆ
ದಿನಕ್ಕೊಂದು ಕೂದಲೆಳೆ ಸುಣ್ಣ ಸೇರಿಸಿ
ನನ್ನನ್ನು ಮುಕ್ಕಾಲು ಸುತ್ತು
ಹಿಂದಕ್ಕೆ ತಳ್ಳಿ ಬಿಟ್ಟಿದೆ.

"ತೆಗೆದು ಇಡ್ಲಾ? ಡಬ್ಬಿ ಉಂಟು."
ಬೇಡ. ಎಷ್ಟು ಎತ್ತರದಲ್ಲಿದೆ?
"ಗಂಟಿನ ಹತ್ರ."
ಅಕ್ಕ,
ಬುಟ್ಟಿ ಎತ್ತಿ.